ಗಾಳಿಗೆ ಸೀಳಿದ ಹುಣಸೆ ಮರ ಸೌದೆ ಆಗೋವರ್ಗೂ

ಚೇಳೂರು ಕಡೆ ನಮ್ಮ ಹೊಲದ ಬದುವಿನ ಮೇಲಿದ್ದ ಹುಣಸೆ ಮರ ಈ ಸಲದ ಕೃತ್ತಿಕೆ ಮಳೆ ಗಾಳಿಗೆ ಸೀಳ್ತು. ಬುಡಸಮೇತ ಉರುಳಿದ್ರೆ ಕೆಲ್ಸ ಸುಲಭ ಇರೋದು, ಇದು ಸೀಳ್ತು, ತಲೆನೋವು ಶುರುವಾಗಿದ್ದೇ ಅಲ್ಲಿಂದ. ಎದೆಮಟ್ಟದಲ್ಲಿ ಹಗ್ಗ ಸುತ್ತಿ ಅಳೆದ್ರೆ ಎಂಟಡಿ ಸುತ್ತಳತೆ, ಅಂದ್ರೆ ಅಡ್ಡಕ್ಕೆ ಎರಡೂವರೆ ಅಡಿ. ಆರಡಿ ಎತ್ತರದಲ್ಲಿ ಕವೆಯಾಗಿ ಎರಡು ದೊಡ್ಡ ಕೊಂಬೆ ಹೋಗಿದ್ವು. ಆ ಕವೇಲಿ ವರ್ಷಾನುಗಟ್ಲೆ ಮಳೆನೀರು ನಿಂತು ಒಳಗೊಳಗೇ ಕೊಳ್ತಿತ್ತು ಅನ್ನೋದು ಸೀಳಿದ್ಮೇಲೆ ಕಾಣಿಸ್ತು, ಮೇಲಿಂದ ನೋಡೋಕೆ ಮರ ಗಟ್ಟಿಯಾಗೇ ಇತ್ತು. ಕವೆಯಿಂದ ಕೆಳಕ್ಕೆ ನೆಲ ಎರಡಡಿ ಇರೋವರ್ಗೂ ಬಿರಿದು, ಮೂಡ್ಲು ಕಡೆ ಕೊಂಬೆ ಹೊಲದಲ್ಲಿ ಮಲಗಿತ್ತು, ಪಡುವಲು ಕಡೇದು ದನದ ಕೊಟ್ಟಿಗೆ ಕಡೆಗೆ ವಾಲ್ಕೊಂಡು ನಿಂತಿತ್ತು. ಪುಣ್ಯಕ್ಕೆ ಹಣ್ಣು ಶಿವರಾತ್ರಿ ಹೊತ್ಗೇ ಬಡಿದು ಮಾರಾಗಿತ್ತು.

ಮಾರನೇ ದಿನಾನೇ ಸೌದೆ ವ್ಯಾಪಾರಿ ಒಬ್ಬ ಬಂದು ಮರಾನೆಲ್ಲಾ ಒಂದು ಸುತ್ತು ನೋಡಿ, ಇದ್ದಂಗೇ ಐದು ಸಾವಿರಕ್ಕೆ ಕೊಡಿ, ಕೊಯ್ಯೋದು ಸಾಗ್ಸೋದು ಎಲ್ಲಾ ನಂದೇ, ಜಾಗ ಗುಡಿಸಿಕೊಟ್ಟು ಹೋಗ್ತೀನಿ ಅಂದ. ಅಪ್ಪ "ನಮ್ಮ ಮರ ನಾವೇ ಕೊಯ್ಕಂತೀವಿ ಹೋಗಪ್ಪ" ಅಂತ ಕಳಿಸಿಬಿಟ್ರು. ನಾನೂ ತಲೆ ಆಡಿಸ್ದೆ. ಈ ಐದು ಸಾವಿರ ನೆನಪಲ್ಲಿ ಇಟ್ಕೊಳ್ಳಿ, ಕೊನೇಲಿ ಲೆಕ್ಕಕ್ಕೆ ಬರುತ್ತೆ.

ಮೇ 14: ಕರೆಂಟು ಮತ್ತು ಅರ್ಜಿ

ಬಿದ್ದ ಕೊಂಬೆ ಬೋರ್‌ವೆಲ್‌ಗೆ ಹೋಗೋ ಲೈನನ್ನ ಎಳ್ಕೊಂಡು ಬಿದ್ದಿತ್ತು. ಮಚ್ಚು ಹಿಡ್ಕೊಂಡು ಹೋಗೋಕ್ ಮುಂಚೆ 1912ಕ್ಕೆ ಫೋನ್ ಮಾಡಿ ಬೆಸ್ಕಾಂಗೆ ಹೇಳಿದ್ವಿ, ಲೈನ್‌ಮನ್ ಬಂದು ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ರ ಫ್ಯೂಸ್ ಕಿತ್ತು ತಂತಿ ಬಿಡಿಸಿ ಸುತ್ತಿಟ್ರು. ಅವ್ರು ಬರೋವರ್ಗೂ ಬದುವಿನ ಮುಳ್ಳುತಂತಿ ಬೇಲೀನೂ ಯಾರೂ ಮುಟ್ಬೇಡಿ ಅಂದಿದ್ರು. ಲೈನು ಎಲ್ಲೋ ಬೇಲಿಗೆ ತಾಗಿದ್ರೆ ಹೊಲದ ಆ ತುದೀಲಿ ಬೇಲಿ ಹಿಡಿದೋನಿಗೂ ಹೊಡಿಯುತ್ತೆ. ಇದು ಗೊತ್ತಿದ್ದೂ ಹುಡುಗ್ರು ಬೇಲಿ ಹಿಡ್ಕೊಂಡು ಮರ ನೋಡ್ತಿದ್ರು, ಬೈದು ಕಳಿಸ್ಬೇಕಾಯ್ತು.

ಅವತ್ತೇ ವಲಯ ಅರಣ್ಯ ಕಚೇರಿಗೆ ಪಹಣಿ, ಫೋಟೋ ಸಮೇತ ಒಂದು ಅರ್ಜಿ ಕೊಟ್ವಿ. ಸ್ವಂತ ಹೊಲದ್ದಾದ್ರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ತೆಂಗು ಇಂಥವಕ್ಕೆ ವಿನಾಯ್ತಿ ಇದೆ. ಗಾಳಿಗೆ ಬಿದ್ದ ಮರಕ್ಕೆ, ಮನೆಗೋ ಜೀವಕ್ಕೋ ಅಪಾಯ ಇರೋ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೇಲಿ ಇದೆ. ನಾವು ನಿಂತಿರೋ ಅರ್ಧಾನೂ ಸೇರಿಸಿ ಒಂದೇ ಅರ್ಜೀಲಿ ಕೇಳಿದ್ದು ಒಳ್ಳೇದಾಯ್ತು. ಬಿದ್ದಿದ್ದಕ್ಕೆ ಮಾತ್ರ ಕೇಳಿದ್ರೆ ಮತ್ತೆ ಅಲೀಬೇಕಿತ್ತು.

ಮೇ 15ರಿಂದ: ಸೊಪ್ಪು, ಪುಳ್ಳೆ

ಅನುಮತಿ ಬರೋವರ್ಗೂ ದಪ್ಪದ್ದು ಮುಟ್ಟಲಿಲ್ಲ, ಮಚ್ಚು ಕೊಡಲೀಲಿ ಸಣ್ಣದು ಮಾತ್ರ. ಮರದ ತುಂಬ ಹೊಸ ಚಿಗುರಿತ್ತು, ಊರಿನ ಹೆಂಗಸರೆಲ್ಲಾ ಬಂದು ಮಡಿಲು ತುಂಬ ಕಿತ್ಕೊಂಡು ಹೋದ್ರು, ಒಂದು ವಾರ ಊರೆಲ್ಲಾ ಹುಣಸೆ ಚಿಗುರಿನ ಸಾರೇ. ಉಳಿದ ಸೊಪ್ಪು ಮೇಕೆಗಾಯ್ತು. ಹೆಬ್ಬೆರಳು ದಪ್ಪ ಇರೋದನ್ನೆಲ್ಲಾ ಎರಡಡಿ ಉದ್ದಕ್ಕೆ ಕಡಿದು ಹೊರೆ ಕಟ್ಟಿದ್ವಿ, ಒಲೆ ಹೊತ್ತಿಸೋಕೆ ಇದ್ರಷ್ಟು ಚೆನ್ನಾಗಿರೋದು ಇಲ್ಲ, ಜನ ಇದನ್ನ ಹೊಲದಲ್ಲೇ ಸುಟ್ಟುಬಿಡ್ತಾರೆ.

ಇಲ್ಲೇ ಮೊದಲನೇ ಪೆಟ್ಟು ಬಿದ್ದಿದ್ದು. ದೊಡ್ಡ ಕೊಂಬೆ ಬಿದ್ದಾಗ ಅದ್ರ ಅಡಿ ಸಿಕ್ಕಿದ ರೆಂಬೆಗಳು ಬಾಗಿ ನೆಲಕ್ಕೆ ಒತ್ಕೊಂಡು ಇರ್ತವೆ, ನೋಡೋಕೆ ಸುಮ್ನೆ ಮಲಗಿರೋ ಕಡ್ಡಿ ಥರ ಕಾಣುತ್ತೆ. ಬಾಮೈದ ಮಣಿಕಟ್ಟು ದಪ್ಪದ್ದೊಂದಕ್ಕೆ ಒಂದೇ ಏಟಲ್ಲಿ ಕೊಡಲಿ ಹಾಕ್ದ, ಅದು ಛಟ್ ಅಂತ ಎದ್ದು ಮೊಣಕಾಲ ಕೆಳಗೆ ಬಡೀತು. ಮೂಳೆ ಮುರೀಲಿಲ್ಲ, ಆದ್ರೆ ಊತ ಇಳಿಯೋವರ್ಗೂ ಅವನು ಕೂತ ಜಾಗದಿಂದಾನೇ ನಮಗೆ ಸಲಹೆ ಕೊಡ್ತಿದ್ದ, ಅದು ಇನ್ನೊಂದು ಹಿಂಸೆ. ಆಮೇಲಿಂದ ಬಾಗಿರೋ ರೆಂಬೆಯ ಒಳಭಾಗದ ಕಡೆ ನಿಂತು ಸ್ವಲ್ಪ ಸ್ವಲ್ಪವಾಗಿ ಕೆತ್ತಿ, ಬಿಗಿ ನಿಧಾನಕ್ಕೆ ಬಿಟ್ಮೇಲೆ ತುಂಡು ಮಾಡಿದ್ವಿ. ಕೊಂಬೆಗೆ ಊರುಗೋಲಾಗಿ ನಿಂತಿರೋ ರೆಂಬೆಗಳನ್ನ ಕೊನೇವರ್ಗೂ ಮುಟ್ಟಲಿಲ್ಲ.

ಮಧ್ಯಾಹ್ನ ಹನ್ನೆರಡರ ಮೇಲೆ ಹುಣಸೆ ಮರದ ಹತ್ರ ಇರಬೇಡಿ ಅಂತ ಅಮ್ಮಂದು ದಿನಾ ಒಂದೇ ರಾಗ. ಆ ಬಿಸಿಲಿಗೆ ದೆವ್ವಾನೂ ಹೊರಗೆ ಬರಲ್ಲಮ್ಮ ಅಂದೆ. ಆದ್ರೂ ಹನ್ನೆರಡಕ್ಕೆ ನಿಲ್ಲಿಸ್ತಿದ್ವಿ, ಬಿಸಿಲಿಗೆ.

ಮೇ 23: ಚೈನ್ ಸಾ

ಅನುಮತಿ ಬಂತು. ನಮ್ಮತ್ರ ಇದ್ದಿದ್ದು 58 ಸಿಸಿ ಪೆಟ್ರೋಲ್ ಚೈನ್ ಸಾ, 22 ಇಂಚಿನ ಬಾರ್ (ಚೈನು ಸುತ್ತೋ ಉದ್ದನೇ ಪಟ್ಟಿ), ಹಿಂದೆ ತೆಂಗಿನ ಮರ ಕೊಯ್ಯೋಕೆ ಅಂತ ತಗೊಂಡಿದ್ದು. ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ ಆಯಿಲ್. ಬಾರಿಗೆ ಎಲ್ರೂ ಗ್ಯಾರೇಜಿನ ಸುಟ್ಟ ಆಯಿಲ್ ಹಾಕ್ತಾರೆ, ಬೇಡ, ಅದರಲ್ಲಿರೋ ಕಬ್ಬಿಣದ ಪುಡಿ ಆಯಿಲ್ ಪಂಪಲ್ಲಿ ಕಟ್ಕೊಳ್ಳುತ್ತೆ, ಹೋದ ಸಲ ಅದನ್ನ ಬಿಚ್ಚಿ ತೊಳ್ದು ಸಾಕಾಗಿತ್ತು. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ, ಕಾಲಿಗೆ ಗಂಬೂಟು.

ಕೊಯ್ಯೋದ್ರಲ್ಲಿ ತಿಳ್ಕೊಬೇಕಾಗಿರೋದು ಒಂದೇ. ಕೊಂಬೆಯ ಎರಡೂ ತುದಿ ಏನರ ಮೇಲಾದ್ರೂ ಕೂತು ಮಧ್ಯೆ ಖಾಲಿ ಇದ್ರೆ ಮೇಲ್ಭಾಗ ಒತ್ಕೊಂಡಿರುತ್ತೆ, ಮೇಲಿಂದ ಮೂರನೇ ಒಂದು ಭಾಗ ಕೊಯ್ದು ನಿಲ್ಲಿಸಿ ಮಿಕ್ಕಿದ್ದು ಕೆಳಗಿಂದ ಕೊಯ್ಬೇಕು. ಒಂದು ತುದಿ ಗಾಳೀಲಿ ಇದ್ರೆ ಇದಕ್ಕೆ ಉಲ್ಟಾ, ಮೊದ್ಲು ಕೆಳಗಿಂದ, ಆಮೇಲೆ ಮೇಲಿಂದ. ಯೋಚ್ನೆ ಮಾಡ್ದೆ ಒಂದೇ ಕಡೆಯಿಂದ ಇಳಿಸಿದ್ರೆ ಮರ ಬಾರನ್ನ ಕಚ್ಕೊಳುತ್ತೆ. ನಮ್ದು ಕಚ್ಕೊಂಡ್ತು, ಒಂಬತ್ತು ಇಂಚು ಒಳಗೆ. ಎಳೆದಾಡಿದ್ರೆ ಬಾರ್ ಬಾಗುತ್ತೆ, ಹಂಗಾಗಿ ಎರಡು ನಟ್ ಬಿಚ್ಚಿ ಇಂಜಿನ್ ಬೇರೆ ಮಾಡಿ, ಬಾರು ಚೈನು ಮರದಲ್ಲೇ ಬಿಟ್ಟು, ಹಾರೆ ಹಾಕಿ ಕೊಂಬೆ ಎತ್ತಿ, ಕೊಯ್ದ ಸಂದಿಗೆ ಜಾಲಿ ಮರದ ಬೆಣೆ ಹೊಡೆದು ಬಿಡಿಸ್ಕೊಂಡ್ವಿ. ಬೆಣೆ ಮರದ್ದೇ ಆಗಿರಬೇಕು. ಕಬ್ಬಿಣದ್ದು ಹಾಕಿ ಚೈನು ಅದಕ್ಕೆ ತಾಗಿದ್ರೆ ಹಲ್ಲೆಲ್ಲಾ ಹೋಯ್ತು ಅಂತ್ಲೇ.

ಹಲ್ಲು ಹೋಗಿದ್ದು ಬೇರೆ ಕಾರಣಕ್ಕೆ. ದಪ್ಪ ಕೊಂಬೆಯ ಬುಡದ ಕಡೆ ಕೊಯ್ತಿದ್ದಾಗ ಕಿಡಿ ಹಾರಿ ಕಿರ್ ಅಂತು, ಅಷ್ಟೆ. ನೋಡಿದ್ರೆ ತಾತನ ಕಾಲದಲ್ಲಿ ಬೇಲಿ ತಂತಿ ಹೊಡೆಯೋಕೆ ಜಡಿದಿದ್ದ ಮೊಳೆ, ಮರ ಅದನ್ನ ನುಂಗಿ ಮೇಲೆ ನಾಲ್ಕು ಇಂಚು ಬೆಳ್ದಿದೆ. ಹೊರಗಿಂದ ಸುಳಿವೇ ಇಲ್ಲ. ಆದ್ರೆ ಅದಕ್ಕೆ ಒಂದಡಿ ಹಿಂದೆ ಕೊಯ್ದಿದ್ದ ಮುಖ ತಿರುಗಿಸಿ ನೋಡಿದಾಗ ಹಳದಿ ಬಿಳುಪಿನ ಮರದ ಮಧ್ಯೆ ಹೆಬ್ಬೆಟ್ಟಿನಷ್ಟು ಅಗಲ ನೀಲಿಗಪ್ಪು ಕಲೆ ಇತ್ತು, ಶಾಯಿ ಚೆಲ್ಲಿ ಒಣಗಿದಂಗೆ, ಅಂಚು ಮಾತ್ರ ಮಸುಕು. ಕಬ್ಬಿಣದ ತುಕ್ಕು ಮರದ ಒಗರಿಗೆ ಸೇರಿದ್ರೆ ಆ ಬಣ್ಣ ಬರುತ್ತೆ, ಅದು ನಾರಿನ ಉದ್ದಕ್ಕೂ ಹರಡಿರುತ್ತೆ. ಅದಾದ್ಮೇಲೆ ಪ್ರತೀ ಕೊಯ್ತದ ಮುಖಾನೂ ಗುಡಿಸಿ ನೋಡಿ ಮುಂದಕ್ಕೆ ಹೋಗ್ತಿದ್ವಿ, ಇನ್ನೊಂದು ಕಡೆ ಅದೇ ಕಲೆ ಸಿಕ್ಕಿದ್ದಕ್ಕೆ ಜಾಗ ಬಿಟ್ಟು ಕೊಯ್ದು ಬಚಾವಾದ್ವಿ.

ಆ ಚೈನನ್ನ 4.8 ಎಂಎಂ ದುಂಡು ಅರದಲ್ಲಿ ಉಜ್ಜಿ ಸರಿ ಮಾಡೋಕೆ ಕೂತೆ. ಒಂದು ಕಡೆಯ ಹಲ್ಲು ಹೆಚ್ಚು ಸವೆದಿದ್ದಕ್ಕೆ ಆ ಕಡೇನೇ ಹೆಚ್ಚು ಉಜ್ಜಿದೆ. ಆಮೇಲೆ ಕೊಯ್ದ್ರೆ ನೆಟ್ಟಗೆ ಇಳೀದೆ ಎಡಕ್ಕೆ ಬಾಗ್ಕೊಂಡು ಹೋಗುತ್ತೆ, ಅರ್ಧ ಇಳಿಯೋ ಹೊತ್ಗೆ ಬಾರ್ ಬಿಗಿದು ಹೊಗೆ. ಎರಡೂ ಕಡೆ ಹಲ್ಲು ಒಂದೇ ಉದ್ದ ಇರಬೇಕು, ಒಂದು ಹಲ್ಲು ಮುಕ್ಕಾದ್ರೆ ಎಲ್ಲಾನೂ ಅದರ ಮಟ್ಟಕ್ಕೆ ಇಳಿಸ್ಬೇಕು. ಅಷ್ಟು ಉಜ್ಜೋ ತಾಳ್ಮೆ ಇರ್ಲಿಲ್ಲ, ತುಮಕೂರಿಗೆ ಹೋಗಿದ್ದೋನು ಮಂಡಿಪೇಟೇಲಿ 850 ಕೊಟ್ಟು ಹೊಸ ಚೈನು ತಂದೆ. ಹೊಸದನ್ನ ಟ್ಯಾಂಕ್ ಪೆಟ್ರೋಲ್ ಮುಗಿದಾಗೆಲ್ಲಾ ಹಲ್ಲಿಗೆ ಎರಡೆರಡು ಸಲ ಅರ ಆಡಿಸಿದ್ರೆ ಸಾಕಿತ್ತು. ಕೊಯ್ವಾಗ ಚಕ್ಕೆ ಚಕ್ಕೆಯಾಗಿ ಬೀಳೋ ಹೊಟ್ಟು ಪುಡಿಪುಡಿ ಬರೋಕೆ ಶುರುವಾಯ್ತು ಅಂದ್ರೆ ಹಲ್ಲು ಮೊಂಡು, ಒತ್ತಿ ಕೊಯ್ಯೋಕೆ ಹೋಗಬಾರದು.

ಮೇ 26: ನಿಂತಿದ್ದ ಅರ್ಧ

ಇದನ್ನ ನಾವು ಮುಟ್ಟಲಿಲ್ಲ. ಸೀಳಿದ ಮರ ನಿಂತಿದ್ರೆ ಯಾವ ಕಡೆ ಬೀಳುತ್ತೆ ಅಂತ ಹೇಳೋಕಾಗಲ್ಲ, ಬುಡದಲ್ಲಿ ಮಿಷನ್ ಇಟ್ಟ ಕೂಡ್ಲೇ ಸೀಳು ಇನ್ನಷ್ಟು ಮೇಲಕ್ಕೆ ಓಡಿ ಕೊಯ್ಯೋನ ಎದೆಗೇ ಬರಬಹುದು. ಮರ ಇಳ್ಸೋರು ಇಬ್ರು ಬಂದ್ರು, ಆರು ಸಾವಿರಕ್ಕೆ ಮಾತು. ಮೊದ್ಲು ಬಿರಿದ ಬೊಡ್ಡೆಗೆ ಎರಡು ಕಡೆ ಕಬ್ಬಿಣದ ಸರಪಣಿ ಸುತ್ತಿ ಹಾರೇಲಿ ತಿರುವಿ ಬಿಗಿ ಮಾಡಿದ್ರು, ಸೀಳು ಮುಂದಕ್ಕೆ ಓಡದಿರಲಿ ಅಂತ. ಒಬ್ಬ ಹತ್ತಿ ಕೊಟ್ಟಿಗೆ ಮೇಲೆ ಚಾಚಿದ್ದ ರೆಂಬೆಗಳನ್ನ ಹಗ್ಗಕ್ಕೆ ಕಟ್ಟಿ ಒಂದೊಂದಾಗಿ ಇಳಿಸ್ದ. ಭಾರ ಅರ್ಧ ಆದ್ಮೇಲೆ ಮೇಲೆ ಹಗ್ಗ ಬಿಗಿದು ಟ್ರ್ಯಾಕ್ಟರಲ್ಲಿ ಹೊಲದ ಕಡೆ ಎಳ್ಕೊಂಡು, ಮೂರಡಿ ಎತ್ತರದಲ್ಲಿ ಕೊಯ್ದು ಮಲಗಿಸಿದ್ರು. ಕೊಟ್ಟಿಗೆಯ ಒಂದು ಶೀಟೂ ಒಡೀಲಿಲ್ಲ. ಈ ಇಡೀ ಕೆಲ್ಸದಲ್ಲಿ ಕೊಟ್ಟ ದುಡ್ಡಿಗೆ ಪೂರಾ ಬೆಲೆ ಬಂದಿದ್ದು ಇದೊಂದಕ್ಕೆ.

ಬೊಡ್ಡೆಯ ಪೊಳ್ಳಲ್ಲಿ ಒಂದು ತಲೆಹೊರೆ ಆಗೋಷ್ಟು ಕೊಳೆತ ಮಣ್ಣು, ಅದ್ರಲ್ಲಿ ಚೇಳುಗಳು. ಬರಿಗೈ ಹಾಕಬೇಡಿ.

ಮೇ 28ರಿಂದ: ಸೀಳೋದು

ಕೊಯ್ಯೋದು ಮಿಷನ್ ಕೆಲ್ಸ, ಸೀಳೋದೇ ನಿಜವಾದ ಕೆಲ್ಸ. ಅದರಲ್ಲೂ ಹುಣಸೆ. ನೀಲಗಿರೀನೋ ಹೊಂಗೇನೋ ಆದ್ರೆ ನಡುವಿಗೆ ಕೊಡಲಿ ಹಾಕಿದ್ರೆ ಎರಡು ಹೋಳಾಗುತ್ತೆ. ಹುಣಸೆ ನಾರು ನೆಟ್ಟಗೆ ಇರಲ್ಲ, ಒಂದು ಸುತ್ತು ಬಲಕ್ಕೆ ಹೊಸೆದಿದ್ರೆ ಅದರ ಒಳಗಿಂದು ಎಡಕ್ಕೆ ಹೊಸೆದಿರುತ್ತೆ. ಮಟನ್ ಅಂಗಡಿ ಕೊರಡಿಗೆ ಹುಣಸೇನೇ ಬೇಕು ಅನ್ನೋದು ಇದಕ್ಕೇ, ಎಷ್ಟು ಕಡಿದ್ರೂ ಸೀಳಲ್ಲ.

ಗುಬ್ಬಿ ಕುಲುಮೇಲಿ ಲಾರಿ ಕಮಾನು ಪಟ್ಟೀದು ಎಂಟು ಇಂಚಿನ ಮೂರು ಬೆಣೆ ಮಾಡಿಸಿದ್ದೆ, ಒಂದಕ್ಕೆ 250. ಐದು ಕೆಜಿ ಸಮ್ಮಟಿಗೆ ಮನೇಲೇ ಇತ್ತು, ಕಾವು (ಹಿಡಿ) ಮಾತ್ರ ಹೊಸದು. ಒಂದೂಕಾಲು ಅಡಿ ಉದ್ದದ ತುಂಡು ನಿಲ್ಲಿಸಿ ಸರಿಯಾಗಿ ನಡುವಿಗೆ ಬೆಣೆ ಇಟ್ಟು ಹೊಡೆದೆ. ಬೆಣೆ ಪೂರ್ತಿ ಮುಳುಗ್ತು, ಬಿರುಕು ಬರ್ಲಿಲ್ಲ. ಅದನ್ನ ಬಿಡಿಸೋಕೆ ಪಕ್ಕದಲ್ಲಿ ಎರಡನೇದು. ಅದೂ ಮುಳುಗ್ತು. ಮೂರನೇದು ಹೊಡೆಯೋವಾಗ ನಮ್ಮ ಬೀದಿ ತಾತ ಒಬ್ರು ಬದು ಮೇಲೆ ಕೂತು ಬೀಡಿ ಸೇದ್ತಾ ನೋಡ್ತಿದ್ರು, "ಮೊಳೆ ನೆಡ್ತಿದೀಯೇನ್ಲಾ ಮಗಾ?" ಅಂದ್ರು. ಎಳೇ ವಯಸ್ಸಲ್ಲಿ ಇಟ್ಟಿಗೆ ಗೂಡಿಗೆ ಸೌದೆ ಸೀಳ್ತಿದ್ದೋರು.

ತಾತ ಎದ್ದು ಬಂದು ತೋರಿಸಿಕೊಟ್ಟಿದ್ದು ಇಷ್ಟು. ನಡು ಮುಟ್ಟಬೇಡ, ಅಂಚಿಂದ ಸಿಪ್ಪೆ ತೆಗೆದಂಗೆ ಬಾ. ತೊಗಟೆಯಿಂದ ಮೂರು ನಾಲ್ಕು ಬೆರಳು ಒಳಗೆ, ಮರದ ಸುತ್ತುಗಳಿಗೆ ಸಮನಾಗಿ ಕೊಡಲಿ ಹಾಕಿದ್ರೆ ಒಂದು ಹಲಗೆ ಥರ ಎದ್ದು ಬರುತ್ತೆ, ತುಂಡು ತಿರುಗಿಸ್ತಾ ಸುತ್ತಲೂ ತೆಗೆದ್ರೆ ಕೊನೆಗೆ ಮಧ್ಯದ ಕಪ್ಪು ಚೇಗು ಮುಷ್ಟಿ ಗಾತ್ರ ಉಳಿಯುತ್ತೆ, ಅದನ್ನ ಸೀಳೋಕೆ ಹೋಗ್ಬೇಡ, ಹಂಗೇ ಹಂಡೆ ಒಲೆಗೆ ಹಾಕು, ರಾತ್ರಿಯೆಲ್ಲಾ ಕೆಂಡ ಇರುತ್ತೆ. ಗಂಟು ಇದ್ರೆ ಗಂಟನ್ನ ಕೆಳಗೆ ಮಾಡಿ ನಿಲ್ಲಿಸು. ಕೊಯ್ದ ವಾರದೊಳಗೆ ಸೀಳು, ಒಣಗಿದ್ರೆ ಕೊಡಲೀನೇ ಮುಕ್ಕಾಗುತ್ತೆ.

ಕೊನೇ ಮಾತು ಎಷ್ಟು ನಿಜ ಅಂದ್ರೆ, ಸೀಳದೆ ಬಿಟ್ಟು ಹತ್ತು ದಿನ ಬಿಸಿಲಿಗೆ ಬಿದ್ದಿದ್ದ ತುಂಡುಗಳ ಮೇಲೆ ಸಮ್ಮಟಿಗೆ ಹೊಡೆದ್ರೆ ಕೈಗೆ ಜುಮ್ ಅಂತ ವಾಪಸ್ ಬರ್ತಿತ್ತು, ಹಸೀದು ಒಬ್ಬ ಆಳು ದಿನಕ್ಕೆ ಎಷ್ಟು ಸೀಳ್ತಿದ್ನೋ ಅದರ ಅರ್ಧಾನೂ ಆಗ್ಲಿಲ್ಲ.

ಬೊಡ್ಡೆ ತುಂಡುಗಳು ಬೇರೆ ಕಥೆ. ಎರಡೂವರೆ ಅಡಿ ಅಗಲ ಒಂದಡಿ ಎತ್ತರದ್ದು ಹಸೀದು ಒಂದೂವರೆ ಕ್ವಿಂಟಲ್ ಹತ್ರ ತೂಗುತ್ತೆ, ಉರುಳಿಸಬಹುದು, ಎತ್ತೋಕಾಗಲ್ಲ. ಅದಕ್ಕೆ ತುಂಡನ್ನ ಮಗ್ಗುಲಾಗಿ ಮಲಗಿಸಿ, ಕೆಳಗೆ ಕಲ್ಲು ಕೊಟ್ಟು, ನಾರಿನ ಉದ್ದಕ್ಕೆ ಚೈನ್ ಸಾ ಇಳಿಸಿದ್ವಿ. ಹೊಟ್ಟಿನ ಬದ್ಲು ಉದ್ದುದ್ದ ಎಳೆ ಎಳೆಯಾಗಿ ಬರುತ್ತೆ, ಕ್ಲಚ್ ಕವರ್ ಒಳಗೆ ಸುತ್ಕೊಂಡು ಚೈನ್ ನಿಂತೋಗುತ್ತೆ, ಆಗಾಗ ಆಫ್ ಮಾಡಿ ಕೈಯಲ್ಲಿ ತೆಗೀಬೇಕು. ಪೆಟ್ರೋಲ್ ಕುಡಿಯುತ್ತೆ, ಆದ್ರೆ ಕೆಲ್ಸ ಆಗುತ್ತೆ. ನಾಲ್ಕು ಹೋಳು ಮಾಡ್ಕೊಂಡ್ಮೇಲೆ ಮಿಕ್ಕಿದ್ದು ಕೊಡಲಿಗೆ ಬಗ್ಗುತ್ತೆ.

ಜೂನ್ 6: ಬುಡಕ್ಕೆ ಜೆಸಿಬಿ

ದಂಡ. ಮೂರಡಿ ಬುಡ ಕಿತ್ತುಬಿಟ್ರೆ ಬದು ಚೊಕ್ಕ ಆಗುತ್ತೆ ಅಂತ ಜೆಸಿಬಿ ಕರೆಸಿದ್ವಿ, ಗಂಟೆಗೆ 1,200. ಎರಡು ಕಡೆ ಗುಂಡಿ ತೋಡಿ, ಬಕೆಟ್ ಹಾಕಿ ಎತ್ತಿದ್ರೆ ಜೆಸಿಬಿಯ ಹಿಂದಿನ ಚಕ್ರ ಎದ್ದವು, ಬುಡ ಅಲ್ಲಾಡ್ಲಿಲ್ಲ. ಹುಣಸೆ ತಾಯಿಬೇರು ಎಷ್ಟು ಆಳ ಹೋಗಿರುತ್ತೋ. ಗಂಟೆ ಮುಗೀತು, ಗುಂಡಿ ಮುಚ್ಚಿಸಿ ಕಳಿಸಿದ್ವಿ. ಹುಣಸೆ ಬುಡ ಕೊಯ್ದ್ರೆ ಮತ್ತೆ ಚಿಗುರುತ್ತೆ, ಅಪ್ಪ ಅದೇ ನೆಪ ಹೇಳಿ ಬಿಟ್ಟುಬಿಡು ಅಂದ್ರು.

ಜೂನ್ 9: ಒಟ್ಟಿದ್ದು, ಮಾರಿದ್ದು

ಮನೆಗೆ ಬೇಕಾದ್ದು ಅಂದಾಜು ಒಂದೂವರೆ ಟನ್ನು ಕೊಟ್ಟಿಗೆ ಪಕ್ಕ ಒಟ್ಟಿದ್ವಿ. ಗೆದ್ದಲಿಗೆ ಅಂತ ಕೆಳಗೆ ಕಲ್ಲುಚಪ್ಪಡಿ, ಮೇಲೆ ಮಾತ್ರ ಟಾರ್ಪಾಲು, ನಾಲ್ಕು ಕಡೆ ಗಾಳಿ ಆಡೋಕೆ ಬಿಟ್ಟಿದೀವಿ. ಮೊದಲು ಮಳೆ ಬರುತ್ತೆ ಅಂತ ಸುತ್ತಲೂ ಟಾರ್ಪಾಲು ಸುತ್ತಿದ್ವಿ, ನಾಲ್ಕೇ ದಿನಕ್ಕೆ ಒಳಗೆ ಬೆವರು ಬಂದು ಬೂಷ್ಟು ಹಿಡೀತು. ಆರು ತಿಂಗ್ಳು ಒಣಗೋವರ್ಗೂ ಒಲೆಗೆ ಹಾಕೋದು ಬೇಡ, ಹಸಿ ಹುಣಸೆ ಬರೀ ಹೊಗೆ. ಹೊರಗಿನ ಬಿಳೀ ಭಾಗಕ್ಕೆ ಈಗ್ಲೇ ಹುಳ ಬಿದ್ದು ಪುಡಿ ಉದುರ್ತಿದೆ. ತೊಗಟೆ ತೆಗೆದು ಒಟ್ಟಿದ್ರೆ ಇಷ್ಟು ಬೀಳ್ತಿರ್ಲಿಲ್ಲ ಅಂತ ತಾತ ಈಗ ಹೇಳ್ತಾರೆ.

ದಪ್ಪದ್ದು ಟ್ರ್ಯಾಕ್ಟರಲ್ಲಿ ಇಟ್ಟಿಗೆ ಗೂಡಿಗೆ ಹೋಯ್ತು, ವೇಬ್ರಿಡ್ಜಲ್ಲಿ 2,640 ಕೆಜಿ, ಟನ್ನಿಗೆ 3,200. ಪಡುವಲು ಕೊಂಬೇಲಿ ಗಂಟಿಲ್ಲದ ಜಾಗ ನೋಡಿ ಒಂದೂವರೆ ಅಡಿ ಎತ್ತರದ ಮೂರು ಕೊರಡು ಕೊಯ್ದಿದ್ವಿ. ಎರಡಕ್ಕೆ ಕೊಯ್ದ ದಿನಾನೇ ಎರಡೂ ಮುಖಕ್ಕೆ ಸಗಣಿ ಮೆತ್ತಿ ನೆರಳಲ್ಲಿಟ್ಟು ಗೋಣಿಚೀಲ ಮುಚ್ಚಿದ್ವಿ, ಮಟನ್ ಅಂಗಡಿಯೋರು ಒಂದಕ್ಕೆ 2,000 ಕೊಟ್ಟು ತಗೊಂಡೋದ್ರು. ಮೂರನೇದು ಹೊಲದಲ್ಲೇ ಉಳಿದು, ನಡುವಿಂದ ಅಂಚಿನವರ್ಗೂ ಬೆರಳು ಹೋಗೋಷ್ಟು ಬಿರುಕು ಬಿಡ್ತು. ನಾನು ಬೆಣೆ ಹೊಡೆದಾಗ ಬರದಿದ್ದ ಬಿರುಕು.

ಲೆಕ್ಕ

ಮರ ಇಳಿಸಿದೋರಿಗೆ 6,000. ಟ್ರ್ಯಾಕ್ಟರ್ 1,500. ಪೆಟ್ರೋಲ್ 14 ಲೀಟರ್ 1,450, 2ಟಿ ಮತ್ತೆ ಬಾರ್ ಆಯಿಲ್ 700. ಚೈನು 850, ಅರ 200, ಬೆಣೆ 750, ಕಾವು 150. ಸೀಳೋ ಆಳಿಗೆ 700ರಂತೆ 4,900, ಊಟ ಟೀ ನಮ್ದು. ಜೆಸಿಬಿ 1,200. ಒಟ್ಟು 17,700.

ಬಂದಿದ್ದು ಗೂಡಿಂದ 8,448, ಕೊರಡಿಂದ 4,000, ಒಟ್ಟು 12,448. ಕೈಯಿಂದ ಹೋಗಿದ್ದು 5,252. ಅದಕ್ಕೆ ಸಿಕ್ಕಿದ್ದು ಒಂದೂವರೆ ಟನ್ ಸೌದೆ, ಗೂಡಿನ ರೇಟಲ್ಲೇ ಕೊಂಡಿದ್ರೆ 4,800. ನಮ್ಮ ಮೈಕೈ ನೋವು, ಬಾಮೈದನ ಕಾಲು ಲೆಕ್ಕಕ್ಕೆ ಹಿಡಿದಿಲ್ಲ, ವ್ಯಾಪಾರಿ ಕೊಡ್ತೀನಿ ಅಂದಿದ್ದ ಐದು ಸಾವಿರಾನೂ ಇಲ್ಲ. ಜೆಸಿಬಿ ಕರೆಸದೆ, ಎಲ್ಲಾನೂ ಹಸೀಲೇ ಸೀಳಿದ್ರೆ ಎರಡು ಮೂರು ಸಾವಿರ ಉಳೀತಿತ್ತು. ಈ ಲೆಕ್ಕ ಅಪ್ಪನಿಗೆ ಓದಿ ಹೇಳ್ದೆ. "ಸೌದೆ ಐತಲ್ಲ" ಅಂದ್ರು.

ಕವೆ ಇದ್ದ ತುಂಡು ಮಾತ್ರ ಇನ್ನೂ ಹೊಲದಲ್ಲೇ ಬಿದ್ದಿದೆ. ಕೊಡಲಿಗೂ ಬಗ್ಗಲಿಲ್ಲ, ಚೈನ್ ಸಾ ಇಳಿಸೋಣ ಅಂದ್ರೆ ಒಳಗೆ ನನ್ನ ಒಂದು ಬೆಣೆ ಪೂರ್ತಿ ಮುಳುಗಿದೆ, ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗ್ತಿಲ್ಲ. ಬಿಡಿಸೋಕೆ ಬರೋರು ಯಾರಾದ್ರೂ ಇದ್ರೆ ಬನ್ನಿ, ಬೆಣೆ ನಂಗೆ ಕೊಟ್ಟು ತುಂಡು ನೀವೇ ತಗೊಂಡೋಗಿ.